ಗುರುವಾರದ ನಾಲ್ಕು ರೊಟ್ಟಿ

ಕೊಟ್ರಮ್ಮನ ಮನೆಯಲ್ಲಿ ರೊಟ್ಟಿ ಎಣಿಸುವ ರೂಢಿ ಯಾವತ್ತೂ ಇರಲಿಲ್ಲ. ಬುಟ್ಟಿ ತುಂಬ ಬಡಿದಿಡುವುದು, ಹಸಿದವರು ತೆಗೆದುಕೊಂಡು ತಿನ್ನುವುದು, ಉಳಿದರೆ ಮರುದಿನ ಮುರಿದು ಒಗ್ಗರಣೆ ಹಾಕುವುದು, ಅಷ್ಟೇ. ಎಣಿಸುವುದನ್ನು ಅವಳಿಗೆ ಕಲಿಸಿದವಳು ಪಂಕಜಮ್ಮ.

ಈ ಪಂಕಜಮ್ಮ ನೆರೆಮನೆಯವಳಲ್ಲ, ನೆಂಟಳೂ ಅಲ್ಲ. ಸೊಸೆ ಶಾಂಭವಿಯ ಮೊಬೈಲಿನೊಳಗೆ ಇದ್ದವಳು.

ಹಡಗಲಿಯ ಹಳೇ ಪೇಟೆಯ ಆ ಮನೆಗೆ ದಿನಾ ಬೆಳಿಗ್ಗೆ ಮಲ್ಲಿಗೆ ಮೊಗ್ಗಿನ ಚೀಲ ಬಂದು ಬೀಳುತ್ತಿತ್ತು. ಮಗ ಸೋಮಶೇಖರ್ ತೋಟದವರಿಂದ ಮೊಗ್ಗು ಹಿಡಿದು, ಮನೆಯಲ್ಲಿ ಕಟ್ಟಿಸಿ, ಮಧ್ಯಾಹ್ನದ ಬಸ್ಸಿಗೆ ಹೊಸಪೇಟೆ, ದಾವಣಗೆರೆಗಳಿಗೆ ಹಾಕುತ್ತಿದ್ದ. ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಕೂತರೆ ಮೊಗ್ಗು ಮುಗಿಯುವ ತನಕ ಏಳುವಂತಿರಲಿಲ್ಲ. ಅಷ್ಟು ಹೊತ್ತೂ ಕೊಟ್ರಮ್ಮನ ಬಾಯಿ ಓಣಿಯ ಮನೆಮನೆಯನ್ನೂ ಹೊಕ್ಕು ಬರುತ್ತಿತ್ತು. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು, ಯಾರ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲ ಅವಳಿಗೆ ಬೇಕು.

ದಸರೆ ಕಳೆದ ಮೇಲೆ ಒಂದು ದಿನ ಶಾಂಭವಿ ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ, "ಅತ್ತಿ, ಇದನ್ನ ಕೇಳ್ರಿ. ಪುಸ್ತಕ ಓದಿ ಹೇಳ್ತಾರ. ಕೈಗೆ ಕೈ ಕೆಲಸ, ಕಿವಿಗೆ ಕಿವಿ ಕೆಲಸ" ಎಂದಳು.

"ಪುರಾಣ ಏನು?"

"ಅಲ್ರಿ, ಪತ್ತೇದಾರಿ. ನಗು ಬರ್ತೈತಿ."

ನಗು ಬಂದೇ ಬಂತು. ಪಂಕಜಮ್ಮ ಅಂಚೆ ಕಚೇರಿಯಿಂದ ನಿವೃತ್ತಳಾದ ಮುದುಕಿ. ಒಂಟಿ ಕಣ್ಣಿನ ಬೆಕ್ಕೊಂದನ್ನು ಕಟ್ಟಿಕೊಂಡು, ಊರಿನಲ್ಲಿ ಏನು ಕಳುವಾದರೂ ಪೊಲೀಸರಿಗಿಂತ ಮುಂಚೆ ಕಂಡುಹಿಡಿಯುವವಳು. ಗುಡಿಯ ಗಂಟೆ, ಮದುವೆ ಮನೆಯ ಲಾಡು, ಹೆಡ್‌ಮಾಸ್ತರರ ಸೈಕಲ್ಲು. ಗುಟ್ಟು ಹೊಳೆದ ಕೂಡಲೇ ಅವಳ ಹಲ್ಲಿನ ಸೆಟ್ಟು ಕಳಚಿ ಚಹಾದ ಕಪ್ಪಿಗೆ ಬೀಳುವುದು. ಆಮೇಲೆ ಎಲ್ಲರನ್ನೂ ತನ್ನ ಕಟ್ಟೆಗೆ ಕರೆದು, ಮಂಡಕ್ಕಿ ಮಿರ್ಚಿ ಕೊಟ್ಟು, ಎಲ್ಲರ ಬಾಯಿ ತುಂಬಿದಾಗ "ಕಳ್ಳ ನಮ್ಮೊಳಗೇ ಇದ್ದಾನೆ" ಅನ್ನುವಳು. ಕಳ್ಳನಿಗೆ ಕೆಮ್ಮು ಬರುವುದು. ಊರು ನಗುವುದು, ಕಳ್ಳನೂ ನಗುವನು, ಚಹಾ ಬರುವುದು. ಕೊಟ್ರಮ್ಮ ನಕ್ಕು ನಕ್ಕು ಮಡಿಲಿನ ಮೊಗ್ಗು ಚೆಲ್ಲುತ್ತಿದ್ದಳು. ಶಾಂಭವಿ ಹೆಕ್ಕಿ ಕೊಡುತ್ತಿದ್ದಳು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅತ್ತೆ ಸೊಸೆ ಇಷ್ಟು ಕೂಡಿ ನಕ್ಕಿದ್ದು ಅದೇ ಮೊದಲು.

ಪಂಕಜಮ್ಮ ಒಂದು ಕಂತಿನಲ್ಲಿ ಕೋಡುಬಳೆ ಎಣಿಸಿ ಕಳ್ಳನನ್ನು ಹಿಡಿದಳು. ಮರುದಿನದಿಂದ ಕೊಟ್ರಮ್ಮ ರೊಟ್ಟಿ ಎಣಿಸತೊಡಗಿದಳು. ಸೋಮವಾರ ಸರಿ ಇತ್ತು, ಮಂಗಳವಾರ ಸರಿ ಇತ್ತು. ಗುರುವಾರ ನಾಲ್ಕು ಕಡಿಮೆ.

"ನಾಯಿ ಬಂದಿರಬೇಕ್ರಿ" ಎಂದಳು ಶಾಂಭವಿ.

"ನಾಯಿ ಶೇಂಗಾ ಚಟ್ನಿನೂ ಕಟ್ಟಿಗೊಂಡು ಹೋಗ್ತೈತೇನು? ಡಬ್ಬಿ ನೋಡು, ಬಗದು ತಗದಾರ."

ಶಾಂಭವಿ ನಕ್ಕಳು. ಅವಳ ಕೈಯಲ್ಲಿನ ದಾರ ಪಟ್ಟನೆ ಕಿತ್ತುಬಂತು.

ಮುಂದಿನ ಗುರುವಾರವೂ ನಾಲ್ಕು. ಅದರ ಮುಂದಿನ ಗುರುವಾರವೂ ನಾಲ್ಕು. ಊಟಕ್ಕೆ ಕೂತಾಗ ಕೊಟ್ರಮ್ಮ ಮಗನನ್ನು ಕೇಳಿದಳು. ಅವನು ಫೋನಿನಿಂದ ತಲೆ ಎತ್ತದೆ, "ಯವ್ವಾ, ಮಾಡಾಕ ಕೆಲಸ ಇಲ್ಲೇನು ನಿನಗ? ತಿಂದಿದ್ದು ಯಾರಾದ್ರೇನು, ಮನಿಯವರ ತಿಂದಿರ್ತಾರ" ಎಂದ. ಗಂಡ ಮರುಳಪ್ಪ ಮಜ್ಜಿಗೆ ಸುರಿದುಕೊಂಡು ಎದ್ದುಹೋದ.

ಪಂಕಜಮ್ಮನಿಗೆ ಹಾಲಿನವನೊಬ್ಬ ಸಹಾಯಕ. ಕೊಟ್ರಮ್ಮ ಸೊಸೆಯನ್ನು ಸಹಾಯಕಿಯನ್ನಾಗಿ ಮಾಡಿಕೊಂಡಳು. ಏನು ಸುಳಿವು ಸಿಕ್ಕಿದರೂ ಮೊದಲು ಅವಳಿಗೇ ಹೇಳುವಳು. ಬುಟ್ಟಿಯ ಮೇಲಿನ ಬಟ್ಟೆಯ ಗಂಟು ಬೇರೆ ತರಹ ಇತ್ತು. ಹಿತ್ತಲ ಬಾಗಿಲಿನ ಅಗಳಿ ತೆರೆದಿತ್ತು. ಶಾಂಭವಿ "ಹೌದೇನ್ರಿ" ಅನ್ನುವಳು, ಮೊಗ್ಗು ಪೋಣಿಸುವಳು.

ಕಾರ್ತಿಕದಲ್ಲಿ ದೊಡ್ಡ ಸುಳಿವು ಸಿಕ್ಕಿತು. ಬಟ್ಟೆ ಒಗೆಯುವ ಮುಂಚೆ ಗಂಡನ ಅಂಗಿ ಜೇಬು ತಡವಿದರೆ ಬಸ್ ಟಿಕೆಟ್ಟು ಬಂತು. ಹಡಗಲಿಯಿಂದ ಇಟ್ಟಿಗಿಗೆ. ಇನ್ನೊಂದು ಅಂಗಿಯಲ್ಲೂ ಅದೇ. ಗುರುವಾರ ಗುರುವಾರ ಮರುಳಪ್ಪ ಹೇಳಿ ಹೋಗುತ್ತಿದ್ದುದು ಪಿಂಚಣಿದಾರರ ಸಂಘಕ್ಕೆ. ಹೈಸ್ಕೂಲಿನ ಜವಾನನಾಗಿ ನಿವೃತ್ತನಾದ ಅವನು ಹಿಂದೊಮ್ಮೆ ಆರು ವರ್ಷ ಇಟ್ಟಿಗಿಯಲ್ಲಿ ಒಬ್ಬನೇ ರೂಮು ಮಾಡಿಕೊಂಡು ಇದ್ದವನು.

ಇಟ್ಟಿಗಿ ಶಾಂಭವಿಯ ತವರು. ಆದರೆ ಆ ಊರಿನ ಹೆಸರು ಆ ಮನೆಯಲ್ಲಿ ಬಾರದೆ ನಾಲ್ಕು ವರ್ಷವಾಗಿತ್ತು. ಈ ಮನೆಯ ಗೃಹಪ್ರವೇಶದ ದಿನ ಶಾಂಭವಿಯ ಅಪ್ಪ ಗಂಗಾಧರ ಕುಡಿದು ಬಂದು, ನೂರಾರು ಜನರ ನಡುವೆ ಅಳಿಯನ ಕೊರಳಪಟ್ಟಿ ಹಿಡಿದು, "ನನ್ನ ಮಗಳನ್ನ ಹೂವು ಕಟ್ಟೋ ಆಳು ಮಾಡಿ ಇಟ್ಟೀಯಲ್ಲಲೇ" ಎಂದಿದ್ದ. ಸೋಮಶೇಖರ್ ಅವತ್ತೇ ಹೇಳಿಬಿಟ್ಟ: "ಈ ಮನಿ ಹೊಸ್ತಿಲಾ ಅವ ತುಳೀಬಾರದು, ಈ ಮನಿ ಅನ್ನ ಅವನ ಬಾಯಿಗೆ ಹೋಗಬಾರದು." ಆಮೇಲೆ ಗಂಗಾಧರ ತನ್ನ ಮಗ ಪಾಲಾಕ್ಷನ ಹಿಂದೆ ಮಂಗಳೂರಿಗೆ ಹೋದ ಎಂದು ಯಾರೋ ಹೇಳಿದರು. ಎಲ್ಲರೂ ಹಾಗೆಂದೇ ತಿಳಿದಿದ್ದರು.

ಹಾಗಾಗಿ ಕೊಟ್ರಮ್ಮನ ತಲೆ ಬೇರೆ ಕಡೆಗೇ ಓಡಿತು. ಟಿಕೆಟ್ಟುಗಳನ್ನು ಸೊಸೆಯ ಮುಂದೆ ಹರವಿ, ದನಿ ತಗ್ಗಿಸಿ ಕೇಳಿದಳು.

"ಶಾಂಭವಿ, ನಿಮ್ಮೂರಾಗ ಹೈಸ್ಕೂಲ್ ಹತ್ರ ಒಂಟಿ ಹೆಂಗಸು ಯಾರಾರ ಅದಾರೇನು? ಐವತ್ತು, ಐವತ್ತೈದರಾಕಿ?"

"ಯಾಕ್ರಿ?"

"ನಿಮ್ಮ ಮಾವ ಯಾವಾಕಿನೋ ಇಟ್ಟಾನ. ನನ್ನ ರೊಟ್ಟಿ, ನನ್ನ ಚಟ್ನಿ, ಆಕಿ ಬಾಯಿಗೆ!"

ಶಾಂಭವಿ ಟಿಕೆಟ್ಟುಗಳನ್ನು ಕೂಡಿಸಿ ಅತ್ತೆಯ ಕಡೆಗೆ ಸರಿಸಿದಳು. "ಅತ್ತಿ, ಮಾವಾರ ಬಗ್ಗೆ ಹಂಗ ಅನಬ್ಯಾಡ್ರಿ. ಬಿಟ್ಟುಬಿಡ್ರಿ ಇದನ್ನ."

"ಪಂಕಜಮ್ಮ ಬಿಟ್ಟಿದ್ಲೇನು?"

"ಅದು ಕತಿ ರೀ."

"ಕತಿ ಆದ್ರೇನು, ಬುದ್ಧಿ ಬುದ್ಧಿನ" ಎಂದಳು ಕೊಟ್ರಮ್ಮ.

ಅಮಾವಾಸ್ಯೆ ಬಂತು. ಹೂವಿಗೆ ಒಳ್ಳೆ ಬೇಡಿಕೆ; ಬೆಳಿಗ್ಗೆಯೇ ಎಲ್ಲ ಹೋಗಿ, ಸೋಮಶೇಖರ್ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಸಿಕ್ಕ. ಕೊಟ್ರಮ್ಮ ಹೋಳಿಗೆ ಮಾಡಿದ್ದಳು. ಸೊಸೆಯನ್ನೂ ಹಟ ಮಾಡಿ ಗಂಡಸರ ಜೊತೆಗೇ ಕೂರಿಸಿದಳು. ತುಪ್ಪ ಬಡಿಸಿ, ಎಲ್ಲರೂ ಮೊದಲ ತುತ್ತು ಬಾಯಿಗಿಡುವ ತನಕ ಕಾದು, ಸೌಟು ಹಿಡಿದೇ ನಿಂತು ಹೇಳಿದಳು.

"ಕಳ್ಳ ನಮ್ಮೊಳಗ ಅದಾನ."

ಸೋಮಶೇಖರ್ ನಕ್ಕ. "ಏನು ಕಳುವಾತಬೇ?"

"ಗುರುವಾರಕ್ಕ ನಾಕು ರೊಟ್ಟಿ. ಎರಡು ತಿಂಗಳಿಂದ ನೋಡಾಕತ್ತೀನಿ. ಕೇಳು ನಿಮ್ಮಪ್ಪನ್ನ, ಇಟ್ಟಿಗಿಗೆ ಯಾರಿಗೆ ಒಯ್ತಾನಂತ." ಸೆರಗಿನ ಗಂಟು ಬಿಚ್ಚಿ ಟಿಕೆಟ್ಟುಗಳನ್ನು ಮಗನ ತಾಟಿನ ಪಕ್ಕ ಹಾಕಿದಳು. "ಅರವತ್ತಾರರ ಮುದುಕಗ ಇಟ್ಟಿಗಿಯಾಗ ಒಬ್ಬಾಕಿ ಬೇಕಾಗ್ಯಾಳ!"

ಸೋಮಶೇಖರನ ನಗು ನಿಂತಿತು. "ಏನಪ್ಪಾ ಇದು?"

ಮರುಳಪ್ಪ ತಲೆ ಬಗ್ಗಿಸಿ ಹೋಳಿಗೆಯನ್ನೇ ನೋಡುತ್ತಿದ್ದ.

"ಹೇಳ್ರಿ, ಹೌದೋ ಅಲ್ಲೋ?" ಎಂದಳು ಕೊಟ್ರಮ್ಮ. ಇಲ್ಲ ಅನ್ನಲಿ, ಬೈಯಲಿ, ಕೊನೆಗೆ ಎಲ್ಲರೂ ನಗಲಿ ಎಂದೇ ಅವಳು ಕಾಯುತ್ತಿದ್ದಳು.

ಮರುಳಪ್ಪ, "ಹೌದು" ಎಂದ.

ಕೊಟ್ರಮ್ಮನ ಕೈಯಿಂದ ಸೌಟು ಜಾರಿತು. "ಹೌದಾ?" ಎಂದಳು.

"ಹೌದು. ಒಯ್ತೀನಿ. ಇನ್ನೇನೂ ಕೇಳಬ್ಯಾಡ."

"ಮಾವಾರು ಸುಳ್ಳು ಹೇಳಾಕತ್ತಾರ" ಎಂದಳು ಶಾಂಭವಿ. ಎದ್ದು ನಿಂತಿದ್ದಳು.

"ನೀ ಸುಮ್ನಿರವ್ವ" ಎಂದ ಮರುಳಪ್ಪ.

"ಇಲ್ರಿ ಮಾವ, ನನ್ನ ಸಲುವಾಗಿ ನೀವು ಹೆಸರು ಕೆಡಿಸ್ಕೋಬ್ಯಾಡ್ರಿ. ಅತ್ತಿ, ಆ ರೊಟ್ಟಿ ನಮ್ಮಪ್ಪಗ ಹೋಗ್ತಾವ. ಲಕ್ವಾ ಹೊಡದೈತಿ, ಬಲಗಡಿ ಎಲ್ಲ ಬಿದ್ದೈತಿ. ಪಾಲಾಕ್ಷ ತಂದು ಇಟ್ಟಿಗಿ ಮನಿಯಾಗ ಬಿಟ್ಟು ಹೋಗ್ಯಾನ. ಬಾಜು ಮನಿ ಜೈತುನ್ ಬೀ ನೋಡ್ಕೊಂತಾರ. ಮಾವಾರು ವಾರಕ್ಕೊಮ್ಮಿ ಹೋಗಿ ಮೈ ತೊಳದು, ಗಡ್ಡ ಮಾಡಿ, ರೊಟ್ಟಿ ಹಾಲಾಗ ನೆನಸಿ ಉಣಿಸಿ, ಗುಳಿಗಿ ಕೊಟ್ಟು ಬರ್ತಾರ."

ಸೋಮಶೇಖರ್ ಹೆಂಡತಿಯ ಮುಖ ನೋಡಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ. ಚೊಂಬು ಎತ್ತಿ, ಅರ್ಧ ತಿಂದ ಹೋಳಿಗೆಯ ಮೇಲೆಯೇ ಕೈ ತೊಳೆದ.

"ಈ ಮನಿ ಅನ್ನ ಅವಗ ಹೋಗಬಾರದು ಅಂದಿದ್ನೋ ಇಲ್ಲೋ?"

"ಅಂದಿದ್ರಿ" ಎಂದಳು ಶಾಂಭವಿ.

"ಮನಿ ಮಂದಿಯೆಲ್ಲ ಕೂಡಿ ನನ್ನ ಹುಚ್ಚನ್ನ ಮಾಡೀರಿ. ಇನ್ನೊಂದು ಸಲ ಯಾರಾದ್ರೂ ಇಟ್ಟಿಗಿ ಬಸ್ ಹತ್ತಿದ್ರ ನಾ ಈ ಮನಿಗೆ ಬರಂಗಿಲ್ಲ. ಹೊಸಪೇಟ್ಯಾಗ ರೂಮ್ ಮಾಡ್ತೀನಿ. ಮೊಗ್ಗೂ ಇಲ್ಲ, ಏನೂ ಇಲ್ಲ. ಮಾಡ್ಕೊಂಡು ತಿನ್ರಿ."

ಅವನು ಚಪ್ಪಲಿ ಮೆಟ್ಟಿ ಹೋದ ಮೇಲೆ ಕೊಟ್ರಮ್ಮ ಸೊಸೆಯ ಹತ್ತಿರ ಹೋದಳು. "ನನಗರ ಒಂದು ಮಾತು ಹೇಳಬಾರದಿತ್ತೇನು? ನಾನೇ ಬಡದು ಕೊಡತಿದ್ನೆಲ್ಲ."

"ನಿಮ್ಮ ಬಾಯಾಗ ಮಾತು ನಿಲ್ಲಂಗಿಲ್ಲ ಅತ್ತಿ" ಎಂದಳು ಶಾಂಭವಿ. ಸಿಟ್ಟಿನಿಂದ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದಳು.

ಸೋಮಶೇಖರ್ ಎರಡು ದಿನ ತನ್ನ ಹೂವಿನ ಅಂಗಡಿಯಲ್ಲೇ ಉಳಿದ. ಊಟವನ್ನು ಹೋಟೆಲಿನಲ್ಲಿ ಮಾಡಿದ. ಮೂರನೇ ದಿನ ಕೊಟ್ರಮ್ಮ ಹೋಗಿ ಅತ್ತು ಕರೆದುಕೊಂಡು ಬಂದಳು. ಬರುವ ಮುಂಚೆ ಅವನು ಮಾತು ತೆಗೆದುಕೊಂಡ, ಅವಳು ಕೊಟ್ಟಳು. ಆ ಮಾತನ್ನು ಮನೆಗೆ ಬಂದು ಗಂಡನ ಮೇಲೆ ಹೇರಿದಳು.

"ಎರಡು ವಾರ ಹೋಗಬ್ಯಾಡ್ರಿ. ಅವನ ಸಿಟ್ಟು ಇಳೀಲಿ. ಆಮ್ಯಾಲೆ ನಾ ಹೇಳ್ತೀನಿ ಅವಗ."

"ಆ ಮನುಷ್ಯಾಗ ಎರಡು ವಾರ ಅಂದ್ರ ಏನಂತ ಗೊತ್ತೈತೇನು ನಿನಗ?"

"ಮಗ ಮನಿ ಬಿಟ್ರ ಏನಂತ ನನಗ ಗೊತ್ತೈತಿ. ನನ್ನ ಆಣಿ ಐತಿ ನೋಡ್ರಿ."

ಮರುಳಪ್ಪ ಒಪ್ಪಿಕೊಂಡ. ಮಗ ದುಡಿದು ತರುವ ಮನೆಯಲ್ಲಿ ಅವನ ಮಾತು ನಡೆಯದೆ ಬಹಳ ದಿನವಾಗಿತ್ತು. ಮೊದಲ ಗುರುವಾರ ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕಟ್ಟೆಯ ಮೇಲೆ ಸಂಜೆಯವರೆಗೂ ಕೂತ.

ಅವತ್ತು ಶಾಂಭವಿ ರೊಟ್ಟಿ ಬಡಿದು ಮುಗಿಸಿ, ಬುಟ್ಟಿಯನ್ನು ತಂದು ಅತ್ತೆಯ ಮುಂದಿಟ್ಟಳು. "ಎಣಿಸ್ಕೊಳ್ರಿ" ಎಂದಳು. ಕೊಟ್ರಮ್ಮ ಅತ್ತ ಮುಖ ತಿರುಗಿಸಿದಳು. ಮೊಗ್ಗು ಕಟ್ಟುವಾಗ ಮೊಬೈಲು ಒಳಗೆ ಚಾರ್ಜಿಗೆ ಇರುತ್ತಿತ್ತು. ಪಂಕಜಮ್ಮ ಬಾವಿಗೆ ಬಿದ್ದ ಬೆಳ್ಳಿ ಬಟ್ಟಲನ್ನು ಹುಡುಕುತ್ತಿದ್ದಲ್ಲಿಗೇ ಕಥೆ ನಿಂತುಹೋಗಿತ್ತು. ಕೇಳೋಣ ಎಂದು ಅತ್ತೆಯೂ ಅನ್ನಲಿಲ್ಲ, ಹಚ್ಚಲಾ ಎಂದು ಸೊಸೆಯೂ ಕೇಳಲಿಲ್ಲ.

ಎರಡನೇ ಗುರುವಾರ ಕೊಟ್ರಮ್ಮನಿಗೆ ತಡೆಯಲಾಗಲಿಲ್ಲ. ಸೊಸೆ ನೀರಿಗೆ ಹೋದ ಹೊತ್ತಿನಲ್ಲಿ ನಾಲ್ಕು ರೊಟ್ಟಿ, ಚಟ್ನಿ, ಒಂದಿಷ್ಟು ಹೆಸರುಕಾಳಿನ ಪಲ್ಯ ಕಟ್ಟಿ, ಸೆರಗಿನೊಳಗೆ ಮುಚ್ಚಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಇಟ್ಟಿಗಿ ಬಸ್ಸು ನಿಂತಿತ್ತು. ಕಂಡಕ್ಟರ್ ಹುಲುಗಣ್ಣ ಓಣಿಯವನೇ. "ಜೈತುನ್ ಬೀ ಮನಿಗೆ ಕೊಡಪ್ಪಾ" ಅಂದರೆ ಕೊಡದೆ ಇರುವವನಲ್ಲ. ಇನ್ನು ಹತ್ತು ಹೆಜ್ಜೆ ಇತ್ತು. ಪಕ್ಕದಲ್ಲಿ ದಾವಣಗೆರೆ ಬಸ್ಸಿನ ಮೇಲೆ ಸೋಮಶೇಖರ್ ಹೂವಿನ ಬುಟ್ಟಿ ಏರಿಸುತ್ತಿದ್ದ.

"ಯವ್ವಾ, ಇಲ್ಲೇನು ಮಾಡಾಕತ್ತಿ?"

"ಏನಿಲ್ಲಪ್ಪಾ. ಗುಳಿಗಿ ಮುಗದಿದ್ವು. ಅಂಗಡಿಗೆ ಬಂದಿದ್ದೆ."

"ನಾ ತರ್ತಿದ್ದೆ ಬಿಡು. ಬಿಸಲಾಗ ಯಾಕ ಬಂದಿ? ಹೋಗು ಮನಿಗೆ."

ಅವನು ನೋಡುತ್ತಲೇ ಇದ್ದ. ಇಟ್ಟಿಗಿ ಬಸ್ಸು ಹಾರ್ನ್ ಹೊಡೆದು ಹೊರಟಿತು. ಕೊಟ್ರಮ್ಮ ಹಾಗೆಯೇ ತಿರುಗಿದಳು. ಮನೆಗೆ ಬಂದಾಗ ಶಾಂಭವಿ ಬಾಗಿಲಲ್ಲೇ ಇದ್ದಳು. ಸೆರಗಿನೊಳಗಿನ ಗಂಟನ್ನೂ ನೋಡಿದಳು, ಅತ್ತೆಯ ಮುಖವನ್ನೂ ನೋಡಿದಳು. ಕೊಡ ಎತ್ತಿಕೊಂಡು ಒಳಗೆ ನಡೆದಳು.

ಎರಡು ವಾರ ಮುಗಿದವು. ಮರುಳಪ್ಪ, "ಈಗ ಹೇಳು ನಿನ್ನ ಮಗಗ" ಎಂದ. ಕೊಟ್ರಮ್ಮ ಅವತ್ತು ಹೇಳಬೇಕೆಂದು ಮಗನ ತಾಟಿನ ಮುಂದೆ ಕೂತಳು. ಸೋಮಶೇಖರ್ ಎಷ್ಟೋ ದಿನದ ಮೇಲೆ ನಗುತ್ತಾ, "ಯವ್ವಾ, ಬದನಿಕಾಯಿ ಪಲ್ಯ ಚಲೋ ಆಗೈತಿ, ಇನ್ನೊಂದೀಟು ಹಾಕು" ಎಂದ. ಅವನ ನಗು ಕಂಡು ಅವಳು ಪಲ್ಯ ಹಾಕಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಐದಾರು ದಿನ ಎಳೆಯಿತು.

ಮೂರನೇ ಗುರುವಾರದ ಹಿಂದಿನ ದಿನ, ಮೊಗ್ಗು ಕಟ್ಟುತ್ತಿದ್ದಾಗ ಶಾಂಭವಿಯ ಫೋನು ಬಡಿದುಕೊಂಡಿತು. ಅವಳು "ಹಾಂ ರೀ" ಎಂದಳು, "ಯಾವಾಗ ರೀ" ಎಂದಳು. ಫೋನು ಇಟ್ಟು, ಕೈಯಲ್ಲಿದ್ದ ಮಾಲೆಯ ತುದಿಗೆ ಗಂಟು ಹಾಕಿ, ಬುಟ್ಟಿಯಲ್ಲಿಟ್ಟು, ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

"ಮಾವ, ನಡೀರಿ. ಅಪ್ಪ ಹೋದ."

ಕೊಟ್ರಮ್ಮನೂ ಹಿಂದೆ ಹೋದಳು. ಬಸ್ಸಿನಲ್ಲಿ ಸೊಸೆಯ ಪಕ್ಕದ ಸೀಟು ಖಾಲಿ ಇದ್ದರೂ ಕೂರಲು ಧೈರ್ಯ ಬರಲಿಲ್ಲ.

ಇಟ್ಟಿಗಿಯ ಆ ಎರಡು ಅಂಕಣದ ಮನೆಯಲ್ಲಿ ಗಂಗಾಧರನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೂರು ವಾರದ ಗಡ್ಡ. ಜೈತುನ್ ಬೀ ಮರುಳಪ್ಪನನ್ನು ಕಂಡವಳೇ ಹಣೆ ಹಣೆ ಬಡಿದುಕೊಂಡಳು.

"ಎಲ್ಲಿ ಹೋಗಿದ್ರಿ ಅಣ್ಣಾರ? ಹತ್ತು ದಿನ ಆತು ಜ್ವರ ಬಂದು. ಗುಳಿಗಿ ಮುಗದಿದ್ವು. ನಾ ಗಂಜಿ ಮಾಡಿ ಹಾಕಿದ್ರ ಎರಡು ಚಮಚ ಕುಡದು ಬಾಯಿ ಮುಚ್ಚೋರು. ಗುರುವಾರ ಅಣ್ಣಾರು ಬರ್ತಾರ, ದವಾಖಾನಿಗೆ ಒಯ್ತಾರ ಅಂತ ನಾ ಕಾದೆ. ನಿಮ್ಮ ನಂಬರ್ ನನ್ನ ಹತ್ರ ಇರಲಿಲ್ಲ. ಇವತ್ತ ಮುಂಜಾನಿ ದಿಂಬಿನ ಕೆಳಗ ಮಗಳ ನಂಬರ್ ಚೀಟಿ ಸಿಕ್ತು. ಅಷ್ಟೊತ್ತಿಗೆ ಎಲ್ಲ ಮುಗದಿತ್ತು."

ಮರುಳಪ್ಪ ಬೀಗನ ಮುಂದೆ ಕೂತು, ತನ್ನ ಚೀಲದಿಂದ ಕತ್ತರಿ, ಬ್ಲೇಡು ತೆಗೆದು, ನೀರು ಕೇಳಿ, ಸತ್ತವನ ಗಡ್ಡ ಮಾಡತೊಡಗಿದ. ಶಾಂಭವಿ ಚೊಂಬು ಹಿಡಿದು ನಿಂತಳು. ಕೊಟ್ರಮ್ಮ ಹೊಸ್ತಿಲ ಹೊರಗೇ ಉಳಿದಳು.

ಮರುದಿನ ಮಂಗಳೂರಿನಿಂದ ಪಾಲಾಕ್ಷ ಬಂದ. ಹಡಗಲಿಯಿಂದ ಸೋಮಶೇಖರನೂ ಬಂದ. ಬಂದವನು ಹೆಗಲು ಕೊಟ್ಟ, ಮಣ್ಣಿಗೆ ಬೇಕಾದ್ದೆಲ್ಲ ಮುಂದೆ ನಿಂತು ಮಾಡಿಸಿದ, ಹೂವಂತೂ ಚೀಲಗಟ್ಟಲೆ ತಂದಿದ್ದ. ಅಳಿಯ ದೊಡ್ಡ ಮನಸ್ಸಿನವನು ಎಂದು ಊರವರು ಆಡಿಕೊಂಡರು. ಶಾಂಭವಿ ಅದನ್ನು ಕೇಳಿಸಿಕೊಂಡಳು.

ಶಿವಗಣಾರಾಧನೆ ಮುಗಿದ ಮೇಲೆ ಪಾಲಾಕ್ಷ ಮನೆಯನ್ನು ಪಕ್ಕದವರಿಗೆ ಮಾರಲು ಮಾತಾಡಿ ಹೋದ. ಶಾಂಭವಿ ಹಡಗಲಿಗೆ ವಾಪಸು ಬಂದಳು. ಕೂಡ್ಲಿಗಿಯ ವಸತಿ ಶಾಲೆಯಲ್ಲಿ ಅವಳ ಮಗಳು ಆರನೇ ಕ್ಲಾಸು. ರಜೆಗೆ ಅವಳು ಬರುವುದು ಈ ಮನೆಗೇ. ಮರುಳಪ್ಪ ಒಂದು ದಿನ ಹೆಂಡತಿಗೆ ಹೇಳಿದ: "ಆಕಿ ಬಂದಾಳಂತ ಸಮಾಧಾನ ಮಾಡ್ಕೋಬ್ಯಾಡ. ಎಲ್ಲಿಗೆ ಹೋಗಬೇಕು ಆಕಿ? ಇದ್ದ ಒಂದು ಬಾಗಲಾ ಮುಚ್ಚಿತು." ಕೊಟ್ರಮ್ಮನ ಜೊತೆ ಅವನು ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವುದನ್ನು ಬಿಟ್ಟಿದ್ದ.

ಮೊಗ್ಗು ದಿನಾ ಬರುತ್ತಿತ್ತು. ಇಬ್ಬರೂ ಕೂತು ಕಟ್ಟುತ್ತಿದ್ದರು. ಒಂದು ಬೆಳಿಗ್ಗೆ ಕೊಟ್ರಮ್ಮ ದಾರ ಕೆಳಗಿಟ್ಟು ಸೊಸೆಯ ಮುಂಗೈ ಹಿಡಿದಳು.

"ಯವ್ವಾ, ಏನರ ಅನ್ನು. ಬೈಯಾರ ಬೈ. ನನಗ ಗೊತ್ತಿರಲಿಲ್ಲ ನೋಡವ್ವ. ನಗೋಣಂತ ಮಾಡಿದ್ದು ಅದು. ಮಾದೇವನಾಣಿ, ನಗೋಣಂತ."

"ಗೊತ್ತೈತ್ರಿ. ನಿಮಗ ಗೊತ್ತಿರಲಿಲ್ಲ" ಎಂದಳು ಶಾಂಭವಿ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ನಾಲ್ಕು ಮೊಗ್ಗು ಜೋಡಿಸಿ ಗಂಟು ಹಾಕಿದಳು. "ಗೊತ್ತಾದ ಮ್ಯಾಲೆ ಮೂರು ವಾರ ಇದ್ವಲ್ರಿ."

ಕೊಟ್ರಮ್ಮ ಕೆಳಗಿಟ್ಟ ದಾರವನ್ನು ಮತ್ತೆ ಎತ್ತಿಕೊಂಡಳು.

ತಿಂಗಳು ಕಳೆದ ಮೇಲೆ ಸೋಮಶೇಖರ್ ಒಂದು ಸಂಜೆ ಕಾಗದ ಸುತ್ತಿದ ಚೌಕಟ್ಟು ಹಿಡಿದು ಬಂದ. ಮದುವೆಯ ಫೋಟೋದಿಂದ ಮಾವನ ಮುಖವನ್ನಷ್ಟೇ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದ. ಅವನೇ ಮೊಳೆ ಹೊಡೆದು ಪಡಸಾಲೆಯಲ್ಲಿ ತೂಗುಹಾಕಿದ, ಮಲ್ಲಿಗೆ ಮಾಲೆ ಏರಿಸಿದ, ಹೆಂಡತಿಯನ್ನು ಕರೆದ.

"ನೋಡು. ನಿನ್ನ ಸಲುವಾಗಿ ಮಾಡ್ಸೀನಿ."

ಶಾಂಭವಿ ನೋಡಿದಳು. ಸ್ಟೂಲು ಎಳೆದು ಹತ್ತಿ, ಮಾಲೆ ತೆಗೆದು ಬುಟ್ಟಿಗೆ ಹಾಕಿ, ಫೋಟೋ ಇಳಿಸಿದಳು. ಸೆರಗಿನಿಂದ ಗಾಜು ಒರೆಸಿದಳು.

"ಅಪ್ಪ ಇಲ್ಲಿ ಬ್ಯಾಡ್ರಿ" ಎಂದಳು.

"ಅಂದ್ರ? ತಪ್ಪಾತು ಅಂತನ ತಂದೀನಲ್ಲ..."

ಅವಳು ಒಳಗೆ ಹೋಗಿ ಫೋಟೋವನ್ನು ಒಂದು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು; ಮುಚ್ಚಳ ಹಾಕಿದ ಸದ್ದು ಪಡಸಾಲೆಗೆ ಕೇಳಿಸಿತು. ಸೋಮಶೇಖರ್ ಸುತ್ತಿಗೆ ಹಿಡಿದು ನಿಂತೇ ಇದ್ದ. ಮರುಳಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

"ಉಣ್ಣಾಕ ಬರ್ರಿ" ಎಂದು ಕೊಟ್ರಮ್ಮ ಕರೆದಳು. ಯಾರೂ ಬಾರದ್ದು ಕಂಡು ಇನ್ನೊಮ್ಮೆ ಕರೆದಳು. ಕೊನೆಗೆ ಶಾಂಭವಿಯೇ ಬಂದು ತಾಟು ಹಾಕಿ ಎಲ್ಲರಿಗೂ ನೀಡಿದಳು. ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಕೂತು, ಒಬ್ಬಳೇ ಉಂಡು ಎದ್ದಳು. ಈಗಲೂ ಹಾಗೆಯೇ ಉಣ್ಣುತ್ತಾಳೆ.